ಕಲಾಯಿ ಮಾಸಿದ ತಪ್ಪಲೆ

ಅಟ್ಟದ ಮೂಲೆಯಿಂದ ನಮ್ಮ ತಾಯಿಯವರ ಹಿತ್ತಾಳೆಯ ತಪ್ಪಲೆಯನ್ನು ಮೊನ್ನೆ ಇಳಿಸಿದೆನು. ಹುಣಸೆಹಣ್ಣು ಹಚ್ಚಿ ತಿಕ್ಕಿದೊಡನೆ ಹೊರಮೈ ಹೊಳೆಯಿತು. ಒಳಗೆ ಮಾತ್ರ ಕಲಾಯಿ ಸವೆದು ಅಲ್ಲಲ್ಲಿ ಕಿಲುಬಿನ ಹಸಿರು ಕಾಣುತ್ತಿದ್ದಿತು. ಅದಕ್ಕೆ ಕಲಾಯಿ ಹಾಕಿಸಲು ಹೊರಟ ನನಗೆ ಒಂದು ಕಸುಬಿನ ಅವಸಾನವೇ ಕಣ್ಣಿಗೆ ಬಿದ್ದಿತು.

ನನ್ನ ಬಾಲ್ಯದಲ್ಲಿ ಕಲಾಯಿಯವನನ್ನು ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ, "ಪಾತ್ರೆಗೆ ಕಲಾಯಿ!" ಎಂದು ಕೂಗುತ್ತ ಅವನೇ ಬೀದಿಗೆ ಬರುತ್ತಿದ್ದನು. ಮರದ ನೆರಳಿನಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ ಪಾತ್ರೆಯನ್ನು ಕಾಯಿಸುವನು. ನವಸಾಗರದ ಪುಡಿ ಬಿದ್ದೊಡನೆ ಬಿಳಿಯ ಹೊಗೆಯೇಳುವುದು. ಆ ಪುಡಿಯು ಲೋಹದ ಮೇಲಣ ಮಾಲಿನ್ಯವನ್ನು ಕಳೆಯದಿದ್ದರೆ ತವರ ಹಿಡಿಯದು. ತವರವಾದರೋ 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವ ಮೃದುಲೋಹ. ಅದರ ಕಡ್ಡಿಯನ್ನು ತಾಗಿಸಿ ಅರಳೆಯಿಂದ ಒರೆಸಿದರೆ ಪಾತ್ರೆಯೊಳಗೆಲ್ಲ ಬೆಳ್ಳಿಯ ಬೆಳಕು. ಸಾರು ಹುಳಿಗಳ ಆಮ್ಲಕ್ಕೂ ಹಿತ್ತಾಳೆಯೊಳಗಣ ತಾಮ್ರಕ್ಕೂ ನಡುವೆ ಆ ತೆಳುಪೊರೆಯೊಂದೇ ತಡೆ.

ಈ ಉದ್ಯಮಕ್ಕೆ ಕಾರ್ಖಾನೆಯಿಲ್ಲ, ಹೊಗೆಗೊಳವೆಯಿಲ್ಲ. ಅದರ ಗಾತ್ರವನ್ನು ಅಡುಗೆಮನೆಗಳಿಂದಲೇ ಅಳೆಯಬೇಕು: ತಾಮ್ರ ಹಿತ್ತಾಳೆಗಳಲ್ಲಿ ಬೇಯಿಸುವ ಮನೆಯೆಲ್ಲವೂ ಅವನ ಗಿರಾಕಿಯೇ ಆಗಿತ್ತು. ಅಲ್ಲಿಗೆ ಮೊದಲು ಅಲ್ಯುಮಿನಿಯಂ ಬಂದಿತು. ಬಳಿಕ, 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ರೂಪಿಸಿದ ತುಕ್ಕು ಹಿಡಿಯದ ಉಕ್ಕು, ಸ್ಟೀಲ್ ಪಾತ್ರೆಯಾಗಿ ಬಂದಿತು. 1980ರ ದಶಕದ ಆರಂಭದಿಂದ ನೆರೆಯ ಸೇಲಂನಲ್ಲಿಯೇ ಅದರ ತಗಡು ತಯಾರಾಗತೊಡಗಿತು. ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕಿ ಸ್ಟೀಲು ಕೊಂಡ ಗೃಹಿಣಿಯರನ್ನು ದೂಷಿಸುವಂತಿಲ್ಲ. ದಿನವೂ ತಿಕ್ಕಿ ಸೋತ ಅವರ ರಟ್ಟೆಗೆ ವಿಶ್ರಾಂತಿ ದೊರೆಯಿತು.

ಪೇಟೆಯ ಹಿಂದಣ ಓಣಿಯೊಂದರಲ್ಲಿ ಕಡೆಗೂ ದೊರೆತ ವೃದ್ಧನು ತಪ್ಪಲೆಯನ್ನು ತಿರುವಿ ನೋಡಿ, "ಒಳ್ಳೆ ಪಾತ್ರೆ ಸ್ವಾಮಿ. ಇಂಥವು ಈಗ ಮತ್ತೆ ಬರ್ತಾ ಇವೆ. ಆದರೆ ಹುಡುಗರು ಈ ಹೊಗೆಗೆ ಬರೋಲ್ಲ" ಎಂದನು. ಅವನ ಮಗ ಆಟೋ ಓಡಿಸುತ್ತಾನಂತೆ. ಮಾತಿನ ನಡುವೆ ಎರಡು ಸಲ ಕೆಮ್ಮಿದನು. ಮಗನು ಬಾರದಿದ್ದುದರ ಕಾರಣವನ್ನು ನಾನು ಮತ್ತೆ ಕೇಳಲಿಲ್ಲ. ತವರ ದುಬಾರಿಯಾದುದರಿಂದ ಸೀಸ ಬೆರೆಸುವವರೂ ಉಂಟು, ಅದು ವಿಷ ಎಂದು ಅವನೇ ಎಚ್ಚರಿಸಿದನು.

ಹಿತ್ತಾಳೆಗೆ ಬೇಡಿಕೆ ಮರಳುತ್ತಿರುವಾಗಲೇ ಅದನ್ನು ಕಾಯುವವನು ಮರೆಯಾಗುತ್ತಿದ್ದಾನೆ. ಪಾತ್ರೆಯನ್ನು ಅಂಗಡಿಯಲ್ಲಿ ಕೊಳ್ಳಬಹುದು. ತವರ ಹರಡುವ ಗಳಿಗೆಯನ್ನು ಬಲ್ಲ ಕೈಯನ್ನು ಕೊಳ್ಳಲಾಗದು. ತಪ್ಪಲೆಯೇನೋ ಬೆಳಗಿ ಮನೆಗೆ ಬಂದಿದೆ. ಮುಂದಿನ ಬಾರಿ ಕಲಾಯಿ ಮಾಸಿದಾಗ ಅದನ್ನು ಎಲ್ಲಿಗೆ ಒಯ್ಯಲಿ?