ಜಾನುವಾರುಗಳ ಮೇವು, ಜೀರ್ಣಕ್ರಿಯೆ ಮತ್ತು ಪರಿಸರ

ಭಾರತದ ಗ್ರಾಮೀಣ ಅರ್ಥವ್ಯವಸ್ಥೆಯಲ್ಲಿ ಜಾನುವಾರುಗಳಿಗೆ ಇರುವ ಮಹತ್ವ ಸರ್ವವಿದಿತವಾದುದು. 2019ರಲ್ಲಿ ನಡೆದ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 19.25 ಕೋಟಿ ದನಗಳೂ 10.98 ಕೋಟಿ ಎಮ್ಮೆ-ಕೋಣಗಳೂ ಇದ್ದವು. ಇವುಗಳಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರ ಮತ್ತು ಭೂಹೀನ ಕೂಲಿಕಾರರ ಕೊಟ್ಟಿಗೆಗಳಲ್ಲಿವೆ. ಮಾನವನು ತಿನ್ನಲಾಗದ ಹುಲ್ಲು, ದಂಟು, ಹೊಟ್ಟುಗಳನ್ನು ತಿಂದು, ಅವನಿಗೆ ಬೇಕಾದ ಹಾಲು, ಗೊಬ್ಬರ ಮತ್ತು ದುಡಿಮೆಯನ್ನು ನೀಡುವುದು ಈ ಪ್ರಾಣಿಗಳ ವೈಶಿಷ್ಟ್ಯ.

ಆದರೆ ತಿಂದ ಮೇವೆಲ್ಲವೂ ಹಾಲಾಗಿ ಇಲ್ಲವೆ ಮೈಬಲವಾಗಿ ಪರಿಣಮಿಸುವುದಿಲ್ಲ. ಅದರ ಒಂದು ಭಾಗ ಮೀಥೇನ್ ಎಂಬ ಅನಿಲವಾಗಿ ಪ್ರಾಣಿಯ ಬಾಯಿಯ ಮೂಲಕ ಹೊರಬಿದ್ದು ಗಾಳಿಗೆ ಸೇರುತ್ತದೆ. ಭೂಮಿಯ ತಾಪಮಾನವನ್ನು ಏರಿಸುವ ಅನಿಲಗಳಲ್ಲಿ ಮೀಥೇನ್ ಪ್ರಮುಖವಾದುದು. ಹೀಗೆ ಪಶುಪಾಲಕನಿಗೆ ಆಗುವ ನಷ್ಟವೂ ಪರಿಸರಕ್ಕೆ ಆಗುವ ಹಾನಿಯೂ ಒಂದೇ ಮೂಲದಿಂದ ಹುಟ್ಟುತ್ತವೆ. ಮೇವನ್ನು ಸುಧಾರಿಸಿದಲ್ಲಿ ಇವೆರಡನ್ನೂ ತಗ್ಗಿಸಬಹುದು.

ನಾಲ್ಕು ಕೋಣೆಗಳ ಹೊಟ್ಟೆ

ದನ, ಎಮ್ಮೆ, ಕುರಿ, ಮೇಕೆಗಳು ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯದಾದ ರೂಮೆನ್ ಅತ್ಯಂತ ದೊಡ್ಡದು; ಬೆಳೆದ ಹಸುವಿನಲ್ಲಿ ಇದು ನೂರು ಲೀಟರಿಗೂ ಹೆಚ್ಚು ಪದಾರ್ಥವನ್ನು ಹಿಡಿಯಬಲ್ಲದು. ಎರಡನೆಯದರ ಒಳಮೈ ಜೇನುಗೂಡಿನಂತಿದೆ. ಮೂರನೆಯದರಲ್ಲಿ ಪುಸ್ತಕದ ಹಾಳೆಗಳನ್ನು ಹೋಲುವ ಮಡಿಕೆಗಳಿವೆ. ನಾಲ್ಕನೆಯದು ಮಾನವನ ಜಠರದಂತೆ ಕೆಲಸ ಮಾಡುವ ಕೋಣೆ.

ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಸ್ವತಃ ಇಲ್ಲ. ಆ ಕೆಲಸವನ್ನು ರೂಮೆನ್‌ನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಮಾಡುತ್ತವೆ. ಅಲ್ಲಿನ ದ್ರವದ ಒಂದೊಂದು ಮಿಲಿಲೀಟರಿನಲ್ಲಿಯೂ ಸಾವಿರ ಕೋಟಿಗೂ ಮಿಕ್ಕಿ ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಏಕಕೋಶ ಜೀವಿಗಳೂ ಶಿಲೀಂಧ್ರಗಳೂ ಇರುತ್ತವೆ. ಇವು ಮೇವನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನು ಉತ್ಪಾದಿಸುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ದೊರೆಯುವುದು ಈ ಆಮ್ಲಗಳಿಂದಲೇ. ಮುಂದಿನ ಕೋಣೆಗಳಿಗೆ ಸಾಗುವ ಸೂಕ್ಷ್ಮಜೀವಿಗಳು ತಾವೇ ಜೀರ್ಣವಾಗಿ ಹಸುವಿಗೆ ಸಸಾರಜನಕವನ್ನು ಒದಗಿಸುತ್ತವೆ. ಆದುದರಿಂದ ಹಸುವಿಗೆ ಮೇವು ಹಾಕುವುದೆಂದರೆ ಮೊದಲು ಈ ಸೂಕ್ಷ್ಮಜೀವಿಗಳಿಗೆ ಆಹಾರ ನೀಡುವುದೆಂದೇ ಅರ್ಥ.

ಮೀಥೇನ್ ಹುಟ್ಟುವ ಬಗೆ

ಮೇವು ಹುದುಗುವಾಗ ಜಲಜನಕ ಬಿಡುಗಡೆಯಾಗುತ್ತದೆ. ಅದು ಅಲ್ಲಿಯೇ ಶೇಖರವಾದರೆ ಹುದುಗುವ ಕ್ರಿಯೆಯೇ ಕುಂಠಿತವಾಗುತ್ತದೆ. ರೂಮೆನ್‌ನಲ್ಲಿರುವ ಒಂದು ಬಗೆಯ ಅತಿಸೂಕ್ಷ್ಮ ಜೀವಿಗಳು ಈ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೀಥೇನ್ ಆಗಿ ಪರಿವರ್ತಿಸುತ್ತವೆ. ಹಸು ಅದನ್ನು ಮುಖ್ಯವಾಗಿ ತೇಗಿನ ಮೂಲಕ ಹೊರಹಾಕುತ್ತದೆ. ಆದ್ದರಿಂದ ಮೀಥೇನ್ ಹುಟ್ಟುವುದು ರೋಗವಲ್ಲ. ಅದು ಜೀರ್ಣಕ್ರಿಯೆಯ ಸಹಜ ಅಂಗ. ಆದರೆ ಅದರ ಪ್ರಮಾಣ ಮೇವಿನ ಗುಣವನ್ನು ಅವಲಂಬಿಸಿದೆ.

ನಾರು ಹೆಚ್ಚಾಗಿರುವ ಒಣಹುಲ್ಲು ಹುದುಗಿದಾಗ ಅಸಿಟಿಕ್ ಆಮ್ಲ ಅಧಿಕವಾಗಿ ಉತ್ಪತ್ತಿಯಾಗಿ, ಹೆಚ್ಚು ಜಲಜನಕ ಬಿಡುಗಡೆಯಾಗುತ್ತದೆ. ಧಾನ್ಯದ ಪಿಷ್ಟ ಹುದುಗಿದಾಗ ಪ್ರೊಪಿಯೋನಿಕ್ ಆಮ್ಲದ ಪಾಲು ಹೆಚ್ಚುತ್ತದೆ. ಈ ಆಮ್ಲದ ತಯಾರಿಕೆಗೆ ಜಲಜನಕವೇ ಬಳಕೆಯಾಗುವುದರಿಂದ ಮೀಥೇನ್ ಕಡಿಮೆಯಾಗುತ್ತದೆ. ಮೇವಿನಲ್ಲಿರುವ ಒಟ್ಟು ಶಕ್ತಿಯ ಶೇಕಡಾ 2ರಿಂದ 12ರಷ್ಟು ಭಾಗ ಹೀಗೆ ಮೀಥೇನ್ ರೂಪದಲ್ಲಿ ನಷ್ಟವಾಗುವುದೆಂದು ಕಂಡುಬಂದಿದೆ.

ಹಾಲು ಕೊಡುವ ಹಸುವೊಂದು ವರ್ಷಕ್ಕೆ 50ರಿಂದ 75 ಕಿಲೋಗ್ರಾಂ ಮೀಥೇನ್ ಬಿಡುವುದೆಂದು ಸ್ಥೂಲವಾಗಿ ಅಂದಾಜು ಮಾಡಬಹುದು. ಇದು ತೂಕದಲ್ಲಿ 14.2 ಕಿಲೋಗ್ರಾಮಿನ ನಾಲ್ಕೈದು ಅಡುಗೆ ಅನಿಲ ಸಿಲಿಂಡರುಗಳಿಗೆ ಸಮಾನ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ, ಒಂದು ಕಿಲೋಗ್ರಾಂ ಮೀಥೇನಿನ ತಾಪಕಾರಿ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಅಧಿಕ. ಆದರೆ ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ ಮಾತ್ರ. ಆದುದರಿಂದ ಅದನ್ನು ಇಂದು ತಗ್ಗಿಸಿದರೆ ಪ್ರಯೋಜನವೂ ಬೇಗ ದೊರೆಯುತ್ತದೆ.

ಧಾನ್ಯವೇ ಪರಿಹಾರವೇ?

ಹಾಗಾದರೆ ಜಾನುವಾರುಗಳಿಗೆ ಹುಲ್ಲನ್ನು ಬಿಟ್ಟು ಧಾನ್ಯವನ್ನೇ ತಿನ್ನಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಾಂಸಕ್ಕಾಗಿ ಸಾಕುವ ದನಗಳನ್ನು ಮೊದಲು ಹುಲ್ಲುಗಾವಲಿನಲ್ಲಿ ಮೇಯಿಸಿ, ಕೊನೆಯ ಕೆಲವು ತಿಂಗಳು ದೊಡ್ಡ ದೊಡ್ಡಿಗಳಲ್ಲಿ ಕೂಡಿಹಾಕಿ ಮೆಕ್ಕೆಜೋಳ ಪ್ರಧಾನವಾದ ಆಹಾರ ನೀಡುವುದು ವಾಡಿಕೆ. ಅಂತಹ ಆಹಾರದಲ್ಲಿ ಮೀಥೇನ್ ರೂಪದ ನಷ್ಟ ಶೇಕಡಾ 3ರ ಆಸುಪಾಸಿಗೆ ಇಳಿಯುತ್ತದೆ. ದನಗಳೂ ಬೇಗ ತೂಕ ಏರುವುದರಿಂದ ಒಂದು ಕಿಲೋಗ್ರಾಂ ಮಾಂಸಕ್ಕೆ ತಗಲುವ ಮೀಥೇನ್ ಕಡಿಮೆ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಮೆಕ್ಕೆಜೋಳ ಬೆಳೆಯಲು ಭೂಮಿ, ನೀರು, ರಾಸಾಯನಿಕ ಗೊಬ್ಬರ ಬೇಕು. ಆ ಗೊಬ್ಬರದಿಂದ ನೈಟ್ರಸ್ ಆಕ್ಸೈಡ್ ಎಂಬ ಮತ್ತೊಂದು ತಾಪಕಾರಿ ಅನಿಲ ಹುಟ್ಟುತ್ತದೆ. ದೊಡ್ಡಿಗಳಲ್ಲಿ ರಾಶಿಬೀಳುವ ಸಗಣಿಯ ವಿಲೇವಾರಿಯೂ ಸಮಸ್ಯೆಯೇ. ಎಲ್ಲಕ್ಕೂ ಮಿಗಿಲಾಗಿ, ಪಿಷ್ಟ ಮಿತಿಮೀರಿದರೆ ರೂಮೆನ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಹಸು ಮೇವು ಬಿಡುತ್ತದೆ. ಚಿಕಿತ್ಸೆ ತಡವಾದರೆ ಸಾಯಲೂಬಹುದು. ಮದುವೆ ಮನೆಗಳಲ್ಲಿ ಉಳಿದ ಅನ್ನವನ್ನು ಒಮ್ಮೆಲೇ ತಿಂದ ದನಗಳು ಮಲಗಿಬಿಡುವುದು ಇದೇ ಕಾರಣದಿಂದ.

ಭಾರತದ ಪರಿಸ್ಥಿತಿ ಬೇರೆಯೇ ಆಗಿದೆ. ಇಲ್ಲಿ ದನಗಳನ್ನು ಮುಖ್ಯವಾಗಿ ಹಾಲಿಗಾಗಿ ಮತ್ತು ಉಳುಮೆಗಾಗಿ ಸಾಕಲಾಗುತ್ತದೆ. ಗೋಮಾಂಸದ ರಫ್ತಿಗೆ ನಿಷೇಧವಿದ್ದು, ರಫ್ತಾಗುವುದು ಎಮ್ಮೆ-ಕೋಣಗಳ ಮಾಂಸ. ಆ ಎಮ್ಮೆಗಳೂ ಮೂಲತಃ ಹೈನಿಗಾಗಿಯೇ ಸಾಕಿದವು. ಮಾನವನ ತಟ್ಟೆಯ ಧಾನ್ಯವನ್ನು ಕೊಟ್ಟಿಗೆಗೆ ಹೊರಳಿಸುವುದು ಇಲ್ಲಿ ವಿವೇಕವೂ ಅಲ್ಲ, ರೈತನಿಗೆ ಎಟುಕುವ ಮಾತೂ ಅಲ್ಲ. ಇರುವ ಹುಲ್ಲನ್ನೇ ಹೆಚ್ಚು ಪ್ರಯೋಜನಕರವಾಗಿ ಮಾಡುವುದೇ ಸರಿಯಾದ ಹಾದಿ.

ಒಣಹುಲ್ಲಿನ ಕೊರತೆ ಮತ್ತು ಸಮತೋಲನ ಆಹಾರ

ಭತ್ತದ ಹುಲ್ಲಿನಲ್ಲಿ ಸಸಾರಜನಕದ ಅಂಶ ಶೇಕಡಾ 3ರಿಂದ 4ರಷ್ಟು ಮಾತ್ರ. ರೂಮೆನ್‌ನ ಸೂಕ್ಷ್ಮಜೀವಿಗಳು ಚೆನ್ನಾಗಿ ವೃದ್ಧಿಯಾಗಬೇಕಾದರೆ ಮೇವಿನಲ್ಲಿ ಕನಿಷ್ಠ ಶೇಕಡಾ 7ರಷ್ಟಾದರೂ ಸಸಾರಜನಕ ಬೇಕು. ಬರಿಯ ಹುಲ್ಲನ್ನು ತಿಂದ ಹಸುವಿನ ಹೊಟ್ಟೆ ತುಂಬಿದಂತೆ ಕಂಡರೂ ಒಳಗಿನ ಸೂಕ್ಷ್ಮಜೀವಿಗಳು ಹಸಿದೇ ಇರುತ್ತವೆ. ಮೇವು ನಿಧಾನವಾಗಿ ಕರಗುತ್ತದೆ, ಹಸು ತಿನ್ನುವ ಪ್ರಮಾಣ ತಗ್ಗುತ್ತದೆ, ಹಾಲು ಇಳಿಯುತ್ತದೆ. ಮೀಥೇನ್ ಮಾತ್ರ ಹೊರಬೀಳುತ್ತಲೇ ಇರುತ್ತದೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ವಿವರಿಸಬಹುದು. ಬರಿಯ ಹುಲ್ಲು ತಿನ್ನುವ ಹಸು ದಿನಕ್ಕೆ 150 ಗ್ರಾಂ ಮೀಥೇನ್ ಬಿಟ್ಟು 3 ಲೀಟರ್ ಹಾಲು ಕೊಡುತ್ತದೆಂದು ಭಾವಿಸೋಣ. ಲೀಟರಿಗೆ ಬೀಳುವ ಮೀಥೇನ್ 50 ಗ್ರಾಂ. ಉತ್ತಮ ಆಹಾರ ಪಡೆದ ಹಸು 200 ಗ್ರಾಂ ಬಿಟ್ಟರೂ 8 ಲೀಟರ್ ಕೊಟ್ಟರೆ, ಲೀಟರಿಗೆ ಬೀಳುವುದು 25 ಗ್ರಾಂ ಮಾತ್ರ. ಪ್ರಾಣಿಯ ಜೀವಧಾರಣೆಗೆ ತಗಲುವ ಮೇವು ಎರಡೂ ಸಂದರ್ಭಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದು ಇದಕ್ಕೆ ಕಾರಣ. ಆದರೆ ಇಳುವರಿ ಹೆಚ್ಚಿದಂತೆ ದನಗಳ ಸಂಖ್ಯೆಯೂ ಏರುತ್ತಾ ಹೋದರೆ ದೇಶದ ಒಟ್ಟು ಮೀಥೇನ್ ತಗ್ಗಲಾರದು ಎಂಬುದನ್ನೂ ಗಮನದಲ್ಲಿಡಬೇಕು.

ಈ ದಿಸೆಯಲ್ಲಿ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯು ರಾಷ್ಟ್ರೀಯ ಡೈರಿ ಯೋಜನೆಯ ಮೊದಲ ಹಂತದಲ್ಲಿ ಸಮತೋಲನ ಆಹಾರ ಕಾರ್ಯಕ್ರಮವನ್ನು ನಡೆಸಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಹಸುವಿನ ತೂಕ ಮತ್ತು ಹಾಲಿನ ಪ್ರಮಾಣವನ್ನು ತಿಳಿದು, ರೈತನಲ್ಲಿ ಲಭ್ಯವಿರುವ ಮೇವಿನಿಂದಲೇ ಕನಿಷ್ಠ ಖರ್ಚಿನ ಆಹಾರವನ್ನು ಸೂಚಿಸುತ್ತಿದ್ದರು. ಹಿಂಡಿ ಅಧಿಕವಾಗಿದ್ದಲ್ಲಿ ಕಡಿಮೆ ಮಾಡುವುದು, ಖನಿಜ ಮಿಶ್ರಣ ಇಲ್ಲದಲ್ಲಿ ಸೇರಿಸುವುದು ಇದರ ಮುಖ್ಯ ಅಂಶ. ಇದರಿಂದ ಮೇವಿನ ಖರ್ಚು ತಗ್ಗಿದುದಲ್ಲದೆ, ಹಾಲಿನ ಪ್ರತಿ ಕಿಲೋಗ್ರಾಮಿಗೆ ಹೊರಬೀಳುವ ಮೀಥೇನ್ ಶೇಕಡಾ 10ಕ್ಕೂ ಹೆಚ್ಚು ಕಡಿಮೆಯಾದುದು ಕಂಡುಬಂದಿತು.

ರೈತರು ಅನುಸರಿಸಬಹುದಾದ ಕ್ರಮಗಳು

ಹುಲ್ಲನ್ನು ಸಣ್ಣಗೆ ಕತ್ತರಿಸಿ ಹಾಕುವುದು ಅತಿ ಸುಲಭವಾದ ಕ್ರಮ. ಇದರಿಂದ ವ್ಯರ್ಥವಾಗುವ ಹುಲ್ಲು ಕಡಿಮೆಯಾಗುತ್ತದೆ. ಒಣಹುಲ್ಲಿನೊಡನೆ ಅಲಸಂದೆ, ಕುದುರೆ ಮೆಂತೆಯಂತಹ ದ್ವಿದಳ ಹಸಿರು ಮೇವನ್ನು ಸೇರಿಸಿದರೆ ಸಸಾರಜನಕದ ಕೊರತೆ ನೀಗುತ್ತದೆ. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಇಂತಹ ಬೆಳೆಗಳ ಬಗ್ಗೆ ಸಂಶೋಧನೆ ನಡೆಸುತ್ತಿದೆ. ಇದರ ಪ್ರಾದೇಶಿಕ ಕೇಂದ್ರವೊಂದು ಧಾರವಾಡದಲ್ಲಿದೆ.

ಹಸಿರು ಮೇವು ದೊರೆಯದ ಕಾಲದಲ್ಲಿ ಹುಲ್ಲಿಗೆ ಯೂರಿಯಾ ಸಂಸ್ಕಾರ ಮಾಡಬಹುದು. 100 ಕಿಲೋಗ್ರಾಂ ಒಣಹುಲ್ಲಿಗೆ 4 ಕಿಲೋಗ್ರಾಂ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಸಂಪೂರ್ಣವಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಡಬೇಕು. ಯೂರಿಯಾದಿಂದ ಹುಟ್ಟುವ ಅಮೋನಿಯಾ ನಾರನ್ನು ಸಡಿಲಗೊಳಿಸಿ, ಸೂಕ್ಷ್ಮಜೀವಿಗಳಿಗೆ ಬೇಕಾದ ಸಾರಜನಕವನ್ನೂ ಒದಗಿಸುತ್ತದೆ. ತಿನ್ನಿಸುವ ಮೊದಲು ಹುಲ್ಲನ್ನು ಗಾಳಿಗೆ ಹರಡಿ ವಾಸನೆ ಹೋಗಿಸಬೇಕು. ಆರು ತಿಂಗಳ ಒಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾವನ್ನು ನೇರವಾಗಿ ನೀರಿನಲ್ಲಾಗಲಿ ಕಲಗಚ್ಚಿನಲ್ಲಾಗಲಿ ಬೆರೆಸಿ ಕುಡಿಸುವುದು ಪ್ರಾಣಾಪಾಯಕರ. ಮೊದಲ ಬಾರಿ ಈ ವಿಧಾನವನ್ನು ಅನುಸರಿಸುವವರು ಪಶುವೈದ್ಯರ ಮಾರ್ಗದರ್ಶನ ಪಡೆಯುವುದು ಅಗತ್ಯ.

ಸಂಶೋಧನೆಯ ಹಾದಿ

ಮೀಥೇನ್ ಉತ್ಪತ್ತಿಯನ್ನು ನೇರವಾಗಿ ತಡೆಯುವ ಪದಾರ್ಥಗಳ ಶೋಧವೂ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಟ್ಯಾನಿನ್ ಅಂಶವುಳ್ಳ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ರೂಪಿಸಿದ್ದು, ಅದು ಮೀಥೇನನ್ನು ಶೇಕಡಾ 17ರಿಂದ 20ರಷ್ಟು ತಗ್ಗಿಸುವುದೆಂದು ಸಂಸ್ಥೆ ತಿಳಿಸಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಸದ ದನಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರದೊಡನೆ ಅಲ್ಪ ಪ್ರಮಾಣದಲ್ಲಿ ಬೆರೆಸಿದ ಒಂದು ಕೆಂಪು ಕಡಲಪಾಚಿ ಮೀಥೇನನ್ನು ಶೇಕಡಾ 80ಕ್ಕೂ ಹೆಚ್ಚು ಇಳಿಸಿತು. ಆದರೆ ಪಾಚಿಯನ್ನು ಬೃಹತ್ ಪ್ರಮಾಣದಲ್ಲಿ ಬೆಳೆಯುವುದು ಮತ್ತು ದೀರ್ಘಕಾಲ ತಿನ್ನಿಸಿದಾಗ ಅದರ ಸುರಕ್ಷತೆ ಇನ್ನೂ ಪರಿಶೀಲನೆಯಲ್ಲಿರುವ ವಿಷಯಗಳು.

ನಗರವಾಸಿಗಳ ಹೊಣೆ

ಮೇವು ಮತ್ತು ಜೀರ್ಣಕ್ರಿಯೆಯ ವಿಚಾರ ಕೇವಲ ಹಳ್ಳಿಗೆ ಸಂಬಂಧಿಸಿದುದಲ್ಲ. ನಗರಗಳ ಬೀದಿಗಳಲ್ಲಿ ತಿರುಗುವ ದನಗಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ತರಕಾರಿ ಸಿಪ್ಪೆ, ಹಳಸಿದ ಅನ್ನವನ್ನು ಚೀಲದೊಡನೆಯೇ ನುಂಗುತ್ತವೆ. ಪ್ಲಾಸ್ಟಿಕನ್ನು ಯಾವ ಸೂಕ್ಷ್ಮಜೀವಿಯೂ ಅಲ್ಲಿ ಕರಗಿಸಲಾರದು. ಅದು ಮುಂದಿನ ಕೋಣೆಗೆ ಸಾಗಲೂ ಆರದು. ಶಸ್ತ್ರಚಿಕಿತ್ಸೆಯಲ್ಲಿ ಒಂದೇ ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋಗ್ರಾಂ ಪ್ಲಾಸ್ಟಿಕ್ ಹೊರತೆಗೆದ ಉದಾಹರಣೆಗಳಿವೆ. ಹೊಟ್ಟೆ ಉಬ್ಬಿದಂತೆ ಕಾಣುವ ಇಂತಹ ಹಸು ವಾಸ್ತವದಲ್ಲಿ ಉಪವಾಸದಿಂದ ಸಾಯುತ್ತಿರುತ್ತದೆ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳಿಗೆ ದೇಶದಾದ್ಯಂತ ನಿಷೇಧವಿದೆ. ಹಸಿ ಕಸವನ್ನು ಬೇರ್ಪಡಿಸಿ ಚೀಲವಿಲ್ಲದೆ ಕೊಡುವುದು ಪ್ರತಿಯೊಂದು ಮನೆಯವರೂ ಮಾಡಬಹುದಾದ ಕೆಲಸ.

ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಪ್ರತಿದಿನ ಬೆಳಿಗ್ಗೆ ಮನೆ ಬಾಗಿಲಿಗೆ ಬರುವ ಹಾಲು ದೂರದ ಯಾವುದೋ ಕೊಟ್ಟಿಗೆಯ ಗೋದಲಿಯಿಂದ ಆರಂಭವಾಗುತ್ತದೆ. ಆ ಗೋದಲಿಯಲ್ಲಿ ಒಂದಿಷ್ಟು ಹಸಿರು ಮೇವು, ಒಂದು ಹಿಡಿ ಹಿಂಡಿ, ಅಳತೆಯಾದ ಖನಿಜ ಮಿಶ್ರಣ ಇದ್ದಲ್ಲಿ ಹಸು ಆರೋಗ್ಯವಾಗಿರುತ್ತದೆ ಮತ್ತು ರೈತನ ಆದಾಯ ಹೆಚ್ಚುತ್ತದೆ. ಪಶು ಆಸ್ಪತ್ರೆಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು ಹಾಗೂ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಈ ಬಗ್ಗೆ ಸಲಹೆ ಪಡೆಯಬಹುದು. ಊರಿನಲ್ಲಿ ದನಕರುಗಳನ್ನು ಸಾಕಿರುವ ಬಂಧುಗಳಿಗೆ ಈ ವಿಷಯವನ್ನು ತಿಳಿಸುವುದು ನಗರದಲ್ಲಿ ನೆಲೆಸಿರುವವರಿಂದಲೂ ಆಗಬಹುದಾದ ಸಹಾಯ.