ನೆಟ್ ಇಲ್ಲದ ಮೆಸೇಜು ಯಾರ್ಯಾರ ಕೈ ದಾಟತ್ತೆ?

ನೆಟ್ ಇಲ್ಲ, ಟವರ್ ಇಲ್ಲ.
ಆದ್ರೂ ಮೆಸೇಜ್ ಹೋಗತ್ತೆ ಅಂದ್ರೆ ನಂಬ್ತೀರಾ?

ಹೋಗತ್ತೆ. ಬ್ಲೂಟೂತಲ್ಲಿ.
ನಿಮ್ಮ ಫೋನಿಂದ ಪಕ್ಕದವರ ಫೋನಿಗೆ,
ಅಲ್ಲಿಂದ ಇನ್ನೊಬ್ಬರಿಗೆ.

ರಶ್ ಬಸ್ಸಲ್ಲಿ ಹಿಂದೆ ನಿಂತು
ಟಿಕೆಟ್ ದುಡ್ಡನ್ನ ಕೈಯಿಂದ ಕೈಗೆ ದಾಟಿಸ್ತೀವಲ್ಲ,
ಹಾಗೇನೆ.
ಬಸ್ಸಲ್ಲಾದ್ರೆ ದುಡ್ಡು ಯಾರ ಕೈಲಿದೆ ಅಂತ ಕಾಣತ್ತೆ.
ಇಲ್ಲಿ ಮಧ್ಯದಲ್ಲಿರೋರು ಯಾರು ಅಂತಾನೇ ಗೊತ್ತಿಲ್ಲ!

2019, ಹಾಂಗ್‌ಕಾಂಗ್.
ಬೀದಿ ತುಂಬ ಪ್ರತಿಭಟನೆ.
ಜನ ಬ್ರಿಜ್‌ಫೈ ಅನ್ನೋ ಆ್ಯಪ್ ಹಾಕ್ಕೊಂಡ್ರು.
ಅದೂ ಹೀಗೇ, ಫೋನಿಂದ ಫೋನಿಗೆ.

2020ರಲ್ಲಿ ಲಂಡನ್ ವಿಶ್ವವಿದ್ಯಾಲಯದ
ರಾಯಲ್ ಹಾಲೋವೇ ಸಂಶೋಧಕರು ಅದನ್ನ ಬಿಚ್ಚಿ ನೋಡಿದ್ರು.
ಏನ್ ಸಿಕ್ತು?

ಯಾರು ಯಾರ ಜೊತೆ ಮಾತಾಡ್ತಿದಾರೆ,
ಪತ್ತೆ ಹಚ್ಚಬಹುದಿತ್ತು.
ಖಾಸಗಿ ಮೆಸೇಜ್ ಓದಬಹುದಿತ್ತು.
ಇನ್ನೊಬ್ಬರ ಹೆಸರಲ್ಲಿ ಕಳಿಸಬಹುದಿತ್ತು.
ಪ್ರತಿಭಟನೆಗೆ ಅಂತ ನಂಬ್ಕೊಂಡಿದ್ದ ಆ್ಯಪ್ ಸ್ವಾಮಿ ಇದು!

ತಡೀರಿ, ಇನ್ನೂ ಇದೆ.
ಕೆಡಿಸಬೇಕು ಅಂತಾನೇ ತಯಾರಿಸಿದ
ಒಂದೇ ಒಂದು ಮೆಸೇಜು,
ಇಡೀ ನೆಟ್‌ವರ್ಕನ್ನೇ ಮಲಗಿಸಬಹುದಿತ್ತು.

ಕಂಪನಿ ಆಮೇಲೆ
ಸಿಗ್ನಲ್ ಆ್ಯಪ್ ಬಳಸೋ ಎನ್‌ಕ್ರಿಪ್ಶನ್ನೇ ತಂತು.
2022ರಲ್ಲಿ ಸಂಶೋಧಕರು ಮತ್ತೆ ನೋಡಿದ್ರು.
ಮತ್ತೆ ತೂತು!

ಮೆಸೇಜ್ ಲಾಕ್ ಆಗಿದೆಯಾ ಅನ್ನೋದು ಒಂದು.
ಆ ಕಡೆ ಇರೋದು ನಿಜವಾಗ್ಲೂ
ನಿಮ್ಮ ಗೆಳೆಯನೇನಾ ಅನ್ನೋದು ಬೇರೆ.

ಬ್ರಯರ್ ಅನ್ನೋ ಇನ್ನೊಂದು ಆ್ಯಪಲ್ಲಿ
ಎದುರುಬದುರು ನಿಂತು
ಒಬ್ಬರ ಕ್ಯೂಆರ್ ಕೋಡ್ ಇನ್ನೊಬ್ಬರು ಸ್ಕ್ಯಾನ್ ಮಾಡಿ ಸೇರ್ಕೋಬಹುದು.
ನಿಮ್ಮ ಖಾಸಗಿ ಮೆಸೇಜನ್ನ
ಗುರುತಿಲ್ಲದವರ ಫೋನ್ ಮೂಲಕ ಅದು ದಾಟಿಸೋದೇ ಇಲ್ಲ.
ಹಾಗಾಗಿ ನೆಟ್ ಇಲ್ಲದಾಗ ಮೆಸೇಜ್ ದೂರ ಹೋಗಲ್ಲ.
ನನಗಂತೂ ಆ ನಷ್ಟ ಒಪ್ಪಿಗೆ.