ಹಳೆಯ ಕಾರಿನ ತುಕ್ಕಿಗೆ ಬಣ್ಣವೇ ಮದ್ದೆ?

ಮಕ್ಕಳೇ, ಕೊಪ್ಪಳ ಜಿಲ್ಲೆಯ ಗಿಣಿಗೇರಾ ಬಳಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಕಬ್ಬಿಣದ ಅದಿರಾದ ಹೆಮಟೈಟ್‌ನಲ್ಲಿ ಕಬ್ಬಿಣವೂ ಆಮ್ಲಜನಕವೂ ಕೂಡಿಕೊಂಡಿರುತ್ತವೆ. 100 ಗ್ರಾಂ ಶುದ್ಧ ಹೆಮಟೈಟ್‌ನಲ್ಲಿ ಸುಮಾರು 70 ಗ್ರಾಂ ಕಬ್ಬಿಣ, 30 ಗ್ರಾಂ ಆಮ್ಲಜನಕ. ಊದುಕುಲುಮೆಯಲ್ಲಿ ಕೋಕ್ ಉರಿಸಿ ಇವೆರಡನ್ನು ಬೇರ್ಪಡಿಸುತ್ತಾರೆ. ಆದರೆ ಗಾಳಿ ಮತ್ತು ನೀರು ಎರಡೂ ತಾಗಿದರೆ ಕಬ್ಬಿಣ ಮತ್ತೆ ಆಮ್ಲಜನಕದೊಡನೆ ಸೇರಿಬಿಡುತ್ತದೆ. ಅದೇ ತುಕ್ಕು!

ಹಳೆಯ ಕಾರೊಂದನ್ನು ಗಮನಿಸಿ. ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನು, ಕಾಲಿಡುವ ಜಾಗ, ಇಲ್ಲೆಲ್ಲ ತುಕ್ಕು ಹೆಚ್ಚು. ಏಕೆ ಗೊತ್ತೆ? ಅಲ್ಲಿ ಕೆಸರು ಮತ್ತು ತೇವ ನಿಲ್ಲುತ್ತವೆ.

ತುಕ್ಕಿನ ಮೇಲೆ ಬಣ್ಣ ಬಳಿದರೆ ಸಾಲದೆ? ಸಾಲದು. ತುಕ್ಕು ಸಡಿಲವಾದ ಪುಡಿ. ಅದರ ಸಂದುಗಳಲ್ಲಿ ತೇವವೂ ಗಾಳಿಯೂ ಅಡಗಿರುತ್ತವೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಬೆಳೆದಂತೆ ಬಣ್ಣ ಗುಳ್ಳೆ ಎದ್ದು ಉದುರುತ್ತದೆ.

ಇಂದಿನ ಬಹುಪಾಲು ಕಾರುಗಳಿಗೆ ಬೇರೆ ಚೌಕಟ್ಟು ಇರುವುದಿಲ್ಲ. ತಗಡಿನ ನೆಲ ಮತ್ತು ಕಂಬಗಳೇ ಭಾರ ಹೊರುತ್ತವೆ. ಇವು ತುಕ್ಕು ಹಿಡಿದು ಟೊಳ್ಳಾದರೆ ಅಪಘಾತವಾದಾಗ ಒಳಗಿರುವವರಿಗೆ ರಕ್ಷಣೆ ಕಡಿಮೆ. ಹೊಸ ಬಣ್ಣ ಈ ಅಪಾಯವನ್ನು ಮರೆಮಾಡುತ್ತದೆ ಅಷ್ಟೆ.

ಹಾಗಾದರೆ ಗ್ಯಾರೇಜಿನವರು ಏನು ಮಾಡಬೇಕು?

1. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಟೊಳ್ಳಾದ ತಗಡು ಮಂಕು ಸದ್ದು ಮಾಡುತ್ತದೆ, ಕುಸಿಯುತ್ತದೆ.
2. ಮೇಲ್ಮೈ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆಯಬೇಕು.
3. ತೂತು ಬಿದ್ದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ವೆಲ್ಡ್ ಮಾಡಬೇಕು. ತೂತಿಗೆ ಪುಟ್ಟಿ ತುಂಬಿದರೆ ಬಲ ಬರುವುದಿಲ್ಲ.
4. ಕೂಡಲೇ ಪ್ರೈಮರ್, ನಂತರ ಬಣ್ಣ ಬಳಿಯಬೇಕು. ಗಾಳಿ, ನೀರು ತಾಗದಂತೆ ತಡೆಯುವುದೇ ಇವುಗಳ ಕೆಲಸ.

ಭಾರ ಹೊರುವ ಭಾಗಗಳೆಲ್ಲ ತಿಂದುಹೋಗಿದ್ದರೆ? ಆಗ ಕಾರನ್ನು ಗುಜರಿಗೆ ಕೊಡುವುದೇ ಲೇಸು. ಉಳಿದ ಉಕ್ಕನ್ನು ಕುಲುಮೆಯಲ್ಲಿ ಕರಗಿಸಿ ಹೊಸ ಉಕ್ಕು ಮಾಡಬಹುದು.

ಮಾಡಿ ನೋಡಿ: ಶಿಕ್ಷಕರ ಸಹಾಯದಿಂದ ತುಕ್ಕು ಹಿಡಿದ ಎರಡು ಮೊಳೆ ತೆಗೆದುಕೊಳ್ಳಿ. ಒಂದನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ. ಇನ್ನೊಂದನ್ನು ಹಾಗೆಯೇ ಬಿಡಿ. ಎರಡಕ್ಕೂ ಒಂದೇ ಬಣ್ಣ ಬಳಿದು ಒಣಗಿಸಿ. ಬಳಿಕ ಒದ್ದೆ ಬಟ್ಟೆಯ ಮೇಲಿಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಗಮನಿಸಿ ಬರೆದಿಡಿ. ಯಾವ ಮೊಳೆಯ ಬಣ್ಣ ಮೊದಲು ಉಬ್ಬಿತು?